ಆಸ್ಪತ್ರೆ, ಹೋಟೆಲ್, ಹಾಸ್ಟೆಲ್: ಮೂರೂ ಒಂದೇ ಮನೆಯ ಪದಗಳಾ?

ತುಮಕೂರು ಓದುಗ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಅಮ್ಮನಿಗೆ ಮಂಡಿ ಆಪರೇಷನ್ ಆಯಿತು. ಒಂಬತ್ತು ದಿನ ನಾನು ಆಸ್ಪತ್ರೆಯಲ್ಲೇ ಇದ್ದೆ. ಬೆಳಗ್ಗೆ ಎದುರಿನ ಹೋಟೆಲಿನಿಂದ ಇಡ್ಲಿ ತರುವುದು, ರಾತ್ರಿ ಹಾಸ್ಟೆಲಿನಲ್ಲಿರುವ ಮಗಳಿಗೆ ಫೋನ್ ಮಾಡಿ ಅಜ್ಜಿಯ ಸುದ್ದಿ ಹೇಳುವುದು. ಇಷ್ಟೇ ಕೆಲಸ. ಒಂದು ಸಂಜೆ ಸ್ಟೂಲಿನ ಮೇಲೆ ಕೂತಿದ್ದಾಗ ಹೊಳೆಯಿತು. ಹಾಸ್ಪಿಟಲ್, ಹೋಟೆಲ್, ಹಾಸ್ಟೆಲ್. ಮೂರೂ ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ, ಅಲ್ವಾ?

ಮನೆಗೆ ಬಂದ ಮೇಲೆ ನಿಘಂಟು ಹಿಡಿದು ಕೂತೆ. ಮೂರಕ್ಕೂ ತಾಯಿ ಒಂದೇ. ಲ್ಯಾಟಿನ್ನಿನ 'ಹೋಸ್ಪಿತಾಲೆ'. ಮನೆಗೆ ಬಂದವರನ್ನು ಇಳಿಸಿಕೊಳ್ಳುವ ಜಾಗ ಅಂತ ಅರ್ಥ. ಅದರಲ್ಲಿ ರೋಗವೂ ಇಲ್ಲ, ಔಷಧಿಯೂ ಇಲ್ಲ. ಯುರೋಪಿನಲ್ಲಿ ಯಾತ್ರೆಗೆ ಹೊರಟವರು ದಾರಿಯಲ್ಲಿ ತಂಗುವ ಮನೆಗೆ ಹಾಗೆ ಕರೆಯುತ್ತಿದ್ದರು. ತಿಂಗಳುಗಟ್ಟಲೆ ನಡೆದು ಬಂದವರಲ್ಲಿ ಕಾಲು ಒಡೆದವರು, ಜ್ವರ ಬಂದವರು ಇರುತ್ತಿದ್ದರು. ಮಠದ ಸನ್ಯಾಸಿಗಳು ಅವರ ಆರೈಕೆ ಮಾಡುತ್ತಿದ್ದರು. ನಿಧಾನವಾಗಿ ಮುದುಕರು, ದಿಕ್ಕಿಲ್ಲದವರು ಬಂದು ಸೇರಿಕೊಂಡರು. ಇಂಗ್ಲಿಷಿನಲ್ಲಿ ಹಾಸ್ಪಿಟಲ್ ಅಂದರೆ ಬರೀ ರೋಗಿಗಳ ಜಾಗ ಅನ್ನುವ ಅರ್ಥ ಗಟ್ಟಿಯಾದದ್ದು 16ನೇ ಶತಮಾನದ ಹೊತ್ತಿಗೆ.

ಹಳೇ ಅರ್ಥದ ಗುರುತು ಇಂಗ್ಲೆಂಡಿನಲ್ಲಿ ಇವತ್ತಿಗೂ ಇದೆ. ಅಲ್ಲಿ 'ಕ್ರೈಸ್ಟ್ಸ್ ಹಾಸ್ಪಿಟಲ್' ಅಂತ ಒಂದಿದೆ. 1552ರಲ್ಲಿ ಬಡ ಮಕ್ಕಳಿಗಾಗಿ ಶುರುವಾದದ್ದು. ಅದು ಆಸ್ಪತ್ರೆಯಲ್ಲ, ಶಾಲೆ! ಲಂಡನ್ನಿನ ಚೆಲ್ಸಿಯಲ್ಲಿರುವ 'ರಾಯಲ್ ಹಾಸ್ಪಿಟಲ್' 1682ರಲ್ಲಿ ಎರಡನೇ ಚಾರ್ಲ್ಸ್ ದೊರೆ ಸ್ಥಾಪಿಸಿದ್ದು. ಅಲ್ಲಿರುವವರು ರೋಗಿಗಳಲ್ಲ, ನಿವೃತ್ತ ಸೈನಿಕರು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ನಾವು ಶಾಲೆಯಲ್ಲಿ ತತ್ಸಮ, ತದ್ಭವ ಕಲಿತಿದ್ದೇವಲ್ಲ, ಇಲ್ಲಿ ಅದೇ ನಡೆದಿದೆ. ಜನರ ಬಾಯಲ್ಲಿ ಹೋಸ್ಪಿತಾಲೆಯ ನಡುವಿನ 'ಪಿ' ಬಿದ್ದುಹೋಗಿ ಹಳೇ ಫ್ರೆಂಚಿನಲ್ಲಿ 'ಹೋಸ್ತೆಲ್' ಆಯಿತು. ಓದಿದವರು ಲ್ಯಾಟಿನ್ ರೂಪವನ್ನೇ ಉಳಿಸಿಕೊಂಡದ್ದು ಹಾಸ್ಪಿಟಲ್ ಆಯಿತು. ವರ್ಣ ಮತ್ತು ಬಣ್ಣ ಎರಡೂ ನಮ್ಮಲ್ಲಿ ಇರುವ ಹಾಗೆ. ಎರಡಕ್ಕೂ ಬೇರೆ ಬೇರೆ ಕೆಲಸ ಸಿಕ್ಕಿತು.

ಆಮೇಲೆ ಫ್ರೆಂಚರು ಹೋಸ್ತೆಲಿನ 'ಸ'ಕಾರವನ್ನೂ ನುಂಗಿದರು. 1740ರಲ್ಲಿ ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನಲ್ಲಿ ಹೀಗೆ ಉಚ್ಚಾರದಲ್ಲಿಲ್ಲದ ಎಷ್ಟೋ ಸಕಾರಗಳನ್ನು ತೆಗೆದು, ಹಿಂದಿನ ಸ್ವರದ ತಲೆಗೆ ಒಂದು ಪುಟ್ಟ ಟೋಪಿ ಇಟ್ಟಿತು. ಆ ಟೋಪಿಯೇ ಸತ್ತ ಸಕಾರದ ಸಮಾಧಿ ಕಲ್ಲು. ಇಂಗ್ಲಿಷಿನವರು ಮೊದಲ ಸಲ ಸಾಲ ತಂದಾಗ ಸಕಾರ ಇತ್ತು, ಅದು ಹಾಸ್ಟೆಲ್. 17ನೇ ಶತಮಾನದಲ್ಲಿ ಮತ್ತೆ ಹೋಗಿ ತಂದಾಗ ಇರಲಿಲ್ಲ, ಅದು ಹೋಟೆಲ್. ಒಂದೇ ಪದವನ್ನು ಒಂದೇ ಮನೆಯಿಂದ ಎರಡು ಸಲ ತಂದಿದ್ದಾರೆ.

ಈಗ ನನ್ನ ಪ್ರಶ್ನೆ. ಇದೇ ಸಾಲಿನಲ್ಲಿ 'ಹಾಸ್ಟೈಲ್' ಅಂತಲೂ ಇದೆ. ಹಗೆತನ ಅಂತ ಅರ್ಥ. ಕರೆದು ಕೂರಿಸುವ ಮನೆಯಲ್ಲಿ ಇದು ಹೇಗೆ ಹುಟ್ಟಿತು? ಗೊತ್ತಿರುವವರು ದಯವಿಟ್ಟು ಹೇಳಿ.

ಕರಾವಳಿ ಮೇಷ್ಟ್ರು:

ಒಳ್ಳೆಯ ಪ್ರಶ್ನೆ ಸರ್. ಮೊದಲು ಅಮ್ಮ ಬೇಗ ಓಡಾಡುವಂತಾಗಲಿ. ನಾನು ಹುಡುಗನಾಗಿದ್ದಾಗ ಸೆಮಿನರಿಯಲ್ಲಿ ನಾಲ್ಕು ವರ್ಷ ಲ್ಯಾಟಿನ್ ಕಲಿತೆ. ಪಾದ್ರಿಯಾಗಲಿಲ್ಲ, ಇಂಗ್ಲಿಷ್ ಮೇಷ್ಟ್ರಾದೆ. ಆದರೆ ಆ ಲ್ಯಾಟಿನ್ ಇವತ್ತಿಗೂ ಕೈಬಿಟ್ಟಿಲ್ಲ.

ಲ್ಯಾಟಿನ್ನಿನಲ್ಲಿ ಎರಡು ಪದ ಇವೆ. 'ಹೋಸ್ಪೆಸ್' ಅಂದರೆ ನೆಂಟ. ನೆಂಟನನ್ನು ಕರೆದವನೂ ಹೋಸ್ಪೆಸ್ಸೇ. ಇನ್ನೊಂದು 'ಹೋಸ್ಟಿಸ್'. ಪುಸ್ತಕದಲ್ಲಿ ನಮಗೆ ಸಿಗುವ ಅರ್ಥ ಶತ್ರು. ಹಾಸ್ಟೈಲ್ ಬಂದದ್ದು ಇದರಿಂದ. ಆದರೆ ಹೋಸ್ಟಿಸ್ಸಿಗೆ ಮೊದಲಿದ್ದ ಅರ್ಥ ಶತ್ರು ಅಲ್ಲ, ಹೊರಗಿನವನು, ಪರಸ್ಥಳದವನು.

ಇದು ಈಗಿನವರ ಊಹೆಯಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ಹೆಸರಾಂತ ವಾಗ್ಮಿ ಸಿಸೆರೋನೇ ಬರೆದಿದ್ದಾನೆ. ನಾವು ಈಗ ಪರದೇಶಿ ಅನ್ನುವವನನ್ನು ನಮ್ಮ ಹಿರಿಯರು ಹೋಸ್ಟಿಸ್ ಅನ್ನುತ್ತಿದ್ದರು ಅಂತ ಹೇಳಿ, ರೋಮಿನ 'ಹನ್ನೆರಡು ಫಲಕಗಳ' ಕಾನೂನಿನಿಂದ ಸಾಲು ತೆಗೆದು ತೋರಿಸುತ್ತಾನೆ. ಆ ಕಾನೂನು ಸುಮಾರು ಕ್ರಿ.ಪೂ. 450ರದ್ದು. ಅಂದರೆ ನಾನೂರು ವರ್ಷಗಳಲ್ಲಿ ಪರಸ್ಥಳದವನು ಶತ್ರು ಆಗಿಬಿಟ್ಟ. ಸಿಸೆರೋನ ಕಾಲಕ್ಕೇ ಇದು ಹಳೇ ಕಥೆ.

ಇನ್ನೂ ಹಿಂದಕ್ಕೆ ಹೋದರೆ, ಲ್ಯಾಟಿನ್, ಸಂಸ್ಕೃತ, ಇಂಗ್ಲಿಷ್ ಎಲ್ಲದಕ್ಕೂ ಮೂಲವಾದ ಭಾಷೆಯಲ್ಲಿ 'ಘೋಸ್ತಿ' ಅನ್ನುವಂಥ ಒಂದು ಪದ ಇತ್ತು ಅಂತ ಭಾಷಾಶಾಸ್ತ್ರಿಗಳು ಲೆಕ್ಕ ಹಾಕಿದ್ದಾರೆ. ಹೊರಗಿನಿಂದ ಬಂದವನು, ನಮಗೂ ಅವನಿಗೂ ಒಂದು ಋಣ ಇದೆ, ಇದು ಅದರ ಅರ್ಥ. ಅದರಿಂದಲೇ ಹೋಸ್ಟಿಸ್. ಅದರಿಂದಲೇ ಹೋಸ್ಪೆಸ್. ಒಂದೇ ಬೇರು, ಒಂದು ಕವಲು ಪಡಸಾಲೆಗೆ, ಇನ್ನೊಂದು ರಣರಂಗಕ್ಕೆ.

ರೋಮಿನವರಲ್ಲಿ ಒಂದು ಪದ್ಧತಿ ಇತ್ತು, ಅದನ್ನು ಹೇಳಲೇಬೇಕು. ಬೇರೆ ಊರಿನ ಎರಡು ಮನೆಯವರು ನೆಂಟಸ್ತನ ಮಾಡಿಕೊಂಡರೆ ಅದಕ್ಕೆ ಒಂದು ಗುರುತು ಮಾಡಿಸುತ್ತಿದ್ದರು. 'ಟೆಸ್ಸೆರಾ ಹೋಸ್ಪಿಟಾಲಿಸ್' ಅಂತ ಅದರ ಹೆಸರು. ಕಂಚಿನ ಪುಟ್ಟ ವಸ್ತು. ಕೆಲವು ಕೈಕುಲುಕಿದ ಹಾಗೆ, ಕೆಲವು ಪ್ರಾಣಿಯ ಆಕಾರದಲ್ಲಿ. ಎರಡು ಹೋಳು, ಮನೆಗೊಂದು. ಮುಂದೆ ಮಗನೋ ಮೊಮ್ಮಗನೋ ಆ ಊರಿಗೆ ಹೋದರೆ ಹೋಳು ತೋರಿಸಿದರೆ ಸಾಕು. ಎರಡೂ ಕೂಡಿಕೊಂಡರೆ ಅವನಿಗೆ ಊಟ, ಹಾಸಿಗೆ, ರಕ್ಷಣೆ ಕೊಡಲೇಬೇಕು. ಮುಖ ನೋಡಿರಬೇಕು ಅಂತಿಲ್ಲ. ಅಂಥ ಗುರುತುಗಳು ಸ್ಪೇನಿನಲ್ಲಿ, ಇಟಲಿಯಲ್ಲಿ ನೆಲದಿಂದ ಸಿಕ್ಕಿವೆ.

ಮೈಸೂರಿನ ಶಾರದೆ:

ಮೇಷ್ಟ್ರೇ, ಹೋಸ್ಪೆಸ್ ಪದವನ್ನು ನೀವು ಬಿಡಿಸಲೇ ಇಲ್ಲ! ಅದರ ಎರಡನೇ ಅರ್ಧ ನಮ್ಮ ಮನೆಯದೇ. 'ಘೋಸ್ತಿ' ಮತ್ತು 'ಪೋತಿ' ಎರಡೂ ಕೂಡಿ ಹೋಸ್ಪೆಸ್ ಆದದ್ದು. ಆ ಪೋತಿಯೇ ಸಂಸ್ಕೃತದ ಪತಿ. ಒಡೆಯ ಅಂತ. ಅಂದರೆ ಹೋಸ್ಪೆಸ್ ಅಂದರೆ ಅತಿಥಿಗಳ ಒಡೆಯ. ಗಣಪತಿ, ಭೂಪತಿ ಇದ್ದ ಹಾಗೆ 'ಅತಿಥಿಪತಿ' ಅಂದುಕೊಳ್ಳಿ. ಹಾಸ್ಪಿಟಲ್ ಪದದ ನಡುವಿನ 'ಪಿಟ' ಇದೆಯಲ್ಲ, ಅದರಲ್ಲಿ ನಮ್ಮ ಪತಿ ಅಡಗಿ ಕೂತಿದ್ದಾನೆ.

ಇನ್ನೊಂದು ಜೋಡಿ ಇದಕ್ಕಿಂತ ಚೆನ್ನ. 'ದಂಪತಿ' ಪದದ 'ದಂ' ಅಂದರೆ ಮನೆ. ವೇದದಲ್ಲಿ ದಂಪತಿ ಅಂದರೆ ಮನೆಯೊಡೆಯ, ದ್ವಿವಚನದಲ್ಲಿ ಮನೆಯ ಒಡೆಯ ಒಡತಿ. ಇದೇ ಪದ ಗ್ರೀಕಿನಲ್ಲಿ 'ದೆಸ್ಪೊಟೆಸ್'. ಮನೆಯೊಡೆಯ ಅಂತಲೇ ಅರ್ಥ. ಅದು ಇಂಗ್ಲಿಷಿಗೆ ಬರುವ ಹೊತ್ತಿಗೆ 'ಡೆಸ್ಪಾಟ್', ಸರ್ವಾಧಿಕಾರಿ! ಒಂದೇ ಪದ. ನಮ್ಮಲ್ಲಿ ಮದುವೆ ಕಾಗದದಲ್ಲಿ ಅಚ್ಚಾಗುತ್ತದೆ, ಅಲ್ಲಿ ಜನ ಅದರ ವಿರುದ್ಧ ದಂಗೆ ಏಳುತ್ತಾರೆ. ಪೋಟೆಂಟ್, ಪಾಸಿಬಲ್, ಪವರ್ ಕೂಡ ಈ ಪತಿಯ ಬಳಗವೇ.

ನಮ್ಮ 'ಅತಿಥಿ'ಗೆ ತಿಥಿ ನೋಡದೆ ಬರುವವನು ಅಂತ ಹಿರಿಯರು ಅರ್ಥ ಹೇಳುತ್ತಾರೆ. ಕೇಳಲು ಚೆಂದ. ಆದರೆ ಹಳೇ ಇರಾನಿನ ಅವೆಸ್ತಾ ಭಾಷೆಯಲ್ಲೂ ಅತಿಥಿಗೆ 'ಅಸ್ತಿ' ಅನ್ನುತ್ತಾರೆ. ಅದು ಅತಿಥಿಯ ಹತ್ತಿರದ ನೆಂಟ. ಹಾಗಾಗಿ ತಿಥಿಯ ಕಥೆ ಆಮೇಲೆ ಕಟ್ಟಿದ್ದು ಅಂತ ವಿದ್ವಾಂಸರು ಹೇಳುವುದೇ ನನಗೂ ಸರಿ ಅನಿಸುತ್ತದೆ.

ಬಿಜಾಪುರದ ಹುಡುಗ:

ಅಕ್ಕಾ, ದಂಪತಿ–ಡೆಸ್ಪಾಟ್ ಕೇಳಿ ದಂಗಾದೆ! ಹಾಗಾದರೆ ಗೆಸ್ಟ್ ಹೌಸಿನ 'ಗೆಸ್ಟ್'? ಅದೂ ಇದೇ ಬಳಗವಾ? ಗೋಸ್ಟ್, ಅಂದರೆ ದೆವ್ವ, ಅದೂ ಹಾಗೇ ಕೇಳಿಸುತ್ತದಲ್ಲ?

ಪದದ ಬೆನ್ನು ಹತ್ತಿದವಳು:

ಗೆಸ್ಟ್ ಖಂಡಿತ ಇದೇ ಬಳಗ. ಗೋಸ್ಟ್ ಅಲ್ಲ. ಒಂದೊಂದಾಗಿ ಹೇಳುತ್ತೇನೆ ತಮ್ಮಾ.

ಮೇಷ್ಟ್ರು ಹೇಳಿದ 'ಘೋಸ್ತಿ'ಯ ಘಕಾರ ಲ್ಯಾಟಿನ್ನಿಗೆ ಬರುವಾಗ ಹಕಾರ ಆಗುತ್ತದೆ. ಇಂಗ್ಲಿಷ್, ಜರ್ಮನ್ ಇರುವ ಬಳಗದಲ್ಲಿ ಗಕಾರ ಆಗುತ್ತದೆ. ಇದು ಒಂದು ಪದದಲ್ಲಿ ನಡೆದ ಆಕಸ್ಮಿಕ ಅಲ್ಲ, ನಿಯಮ. ನಮ್ಮ ಕನ್ನಡದಲ್ಲೇ ನೋಡಿ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ತಮಿಳಿನಲ್ಲಿ ಪ ಹಾಗೇ ಉಳಿಯಿತು. ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಅಂತ ಗೊತ್ತಿದ್ದರೆ ಎಷ್ಟು ಪದ ಬಿಡಿಸಬಹುದು! ಅಲ್ಲೂ ಹಾಗೇ. ಲ್ಯಾಟಿನ್ನಿನಲ್ಲಿ ತೋಟಕ್ಕೆ 'ಹೋರ್ಟುಸ್', ಇಂಗ್ಲಿಷಿನಲ್ಲಿ 'ಗಾರ್ಡನ್'. ಸಂಸ್ಕೃತದಲ್ಲಿ ಹಂಸ, ಜರ್ಮನ್ನಿನಲ್ಲಿ 'ಗಾನ್ಸ್', ಇಂಗ್ಲಿಷಿನಲ್ಲಿ 'ಗೂಸ್'. ಆ ಕಡೆ ಹ, ಈ ಕಡೆ ಗ. ಹಾಗೆಯೇ ಲ್ಯಾಟಿನ್ನಿನಲ್ಲಿ ಹೋಸ್ಟಿಸ್, ಜರ್ಮನ್ನಿನಲ್ಲಿ 'ಗಾಸ್ಟ್', ಇಂಗ್ಲಿಷಿನಲ್ಲಿ ಗೆಸ್ಟ್. ರಷ್ಯನ್ನಿನಲ್ಲೂ ಅತಿಥಿಗೆ 'ಗೋಸ್ತ್' ಅನ್ನುತ್ತಾರೆ.

ಅಂದರೆ ಇಂಗ್ಲಿಷಿನ ಗೆಸ್ಟ್ ಮತ್ತು ಹೋಸ್ಟ್, ಬಂದವನು ಮತ್ತು ಬರಮಾಡಿಕೊಂಡವನು, ಮೂಲದಲ್ಲಿ ಒಂದೇ ಬೇರು. ಗೆಸ್ಟ್ ಮೊದಲಿಂದಲೂ ಮನೆಯಲ್ಲೇ ಇದ್ದ ಪದ. ಹೋಸ್ಟ್ ಫ್ರೆಂಚಿನಿಂದ ಬಂದದ್ದು. ಗೆಸ್ಟಿನ ಕಥೆಯಲ್ಲೂ ಒಂದು ತಿರುವು ಇದೆ. ಹಳೇ ಇಂಗ್ಲಿಷಿನ ರೂಪ ಹಾಗೇ ಬೆಳೆದಿದ್ದರೆ ಇವತ್ತು ಅದು 'ಯೆಸ್ಟ್' ಅನ್ನುವ ಹಾಗಿರುತ್ತಿತ್ತು. ಹಡಗಿನಲ್ಲಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ 'ಗೆಸ್ಟ್‌ರ್' ಜೊತೆ ಸೇರಿ ಗಕಾರ ಉಳಿಯಿತು. ಊರಿಗೆ ಬಂದ ಹೊರಗಿನವರೇ ಹೊರಗಿನವನು ಅನ್ನುವ ಪದವನ್ನು ಕಾಪಾಡಿದರು.

ಈ ಪದದ ಒಂದು ಹಳೆಯ ಬರವಣಿಗೆ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಡೆನ್ಮಾರ್ಕಿನ ಗಾಲೆಹುಸ್ ಅನ್ನುವ ಹಳ್ಳಿಯಲ್ಲಿ 1734ರಲ್ಲಿ ಒಂದು ಚಿನ್ನದ ಕೊಂಬು ಸಿಕ್ಕಿತು. ಸುಮಾರು ಕ್ರಿ.ಶ. 400ರ ಕಾಲದ್ದು. ಅದರ ಮೇಲೆ ಉತ್ತರ ಯುರೋಪಿನ ಹಳೇ ಲಿಪಿಯಾದ ರೂನ್ ಅಕ್ಷರದಲ್ಲಿ, ನಾನು ಹ್ಲೆವಗಾಸ್ತಿಜ್, ಈ ಕೊಂಬು ಮಾಡಿದೆ ಅಂತ ಬರೆದಿತ್ತು. ಆ ಹೆಸರಿನ ಬಾಲದಲ್ಲಿರುವ 'ಗಾಸ್ತಿಜ್' ನಮ್ಮ ಗೆಸ್ಟೇ. ನಮ್ಮ ಹಲ್ಮಿಡಿ ಶಾಸನದ ಆಸುಪಾಸಿನ ಕಾಲ ನೋಡಿ ಅದು. ದುಃಖದ ಸಂಗತಿ ಏನೆಂದರೆ 1802ರಲ್ಲಿ ಆ ಕೊಂಬನ್ನು ಕಳ್ಳ ಕದ್ದು ಕರಗಿಸಿಬಿಟ್ಟ. ಮೊದಲೇ ಬರೆದಿಟ್ಟುಕೊಂಡ ಚಿತ್ರ ಇದ್ದದ್ದರಿಂದ ಬರಹ ಉಳಿಯಿತು.

ಗೋಸ್ಟ್ ಬೇರೆ ಬೇರಿನದು. ಹಳೇ ಇಂಗ್ಲಿಷಿನಲ್ಲಿ ಅದಕ್ಕೆ 'ಗಾಸ್ಟ್' ಅನ್ನುತ್ತಿದ್ದರು, ಆತ್ಮ ಅಂತ. ಜರ್ಮನ್ನಿನಲ್ಲಿ 'ಗೈಸ್ಟ್'. ಅದರ ಸ್ಪೆಲ್ಲಿಂಗಿನಲ್ಲಿ ಹಕಾರ ಬಂದದ್ದು ಅಚ್ಚುಮನೆಯಿಂದ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮೊದಲ ಮುದ್ರಣಾಲಯ ಹಾಕಿದ. ಅವನು ಕೆಲಸ ಕಲಿತದ್ದು ಫ್ಲೆಮಿಶ್ ಭಾಷೆಯ ಕಡೆ. ಅಲ್ಲಿನ ಬರವಣಿಗೆಯ ರೂಢಿ ಈ ಪದಕ್ಕೆ ಅಂಟಿಕೊಂಡಿತು.

ಲಿಯೋನ್ ಕನ್ನಡಿಗ:

ಫ್ರಾನ್ಸಿಗೆ ಬಂದ ಮೊದಲ ವಾರ ನನಗೆ ಆದದ್ದು ಹೇಳುತ್ತೇನೆ. ಮೆಟ್ರೋದಲ್ಲಿ 'ಹೋಟೆಲ್ ದ ವಿಲ್' ಅಂತ ಸ್ಟೇಷನ್ ನೋಡಿದೆ. ಉಳಿಯಲು ರೂಮ್ ಸಿಗುತ್ತದೆ ಅಂತ ಪೆಟ್ಟಿಗೆ ಎಳೆದುಕೊಂಡು ಇಳಿದೆ. ಎದುರಿಗೆ ಅರಮನೆಯಂಥ ಕಟ್ಟಡ. ಅದು ನಗರಸಭೆ ಕಚೇರಿ! ಫ್ರೆಂಚಿನಲ್ಲಿ ಹೋಟೆಲ್ ಅಂದರೆ ದೊಡ್ಡ ಮನೆ ಅಂತಲೂ ಅರ್ಥ. ಇಂಗ್ಲಿಷಿಗೆ ಆ ಪದ ಮೊದಲು ಹೋದಾಗಲೂ ಶ್ರೀಮಂತರ ಬಂಗಲೆ ಅಂತಲೇ ಅರ್ಥ ಇತ್ತು. ದುಡ್ಡು ಕೊಟ್ಟು ಉಳಿಯುವ ಜಾಗ ಆದದ್ದು 18ನೇ ಶತಮಾನದಲ್ಲಿ.

ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಪಕ್ಕದಲ್ಲಿ 'ಹೋಟೆಲ್ ದ್ಯೂ' ಇದೆ. ದೇವರ ಹೋಟೆಲ್ ಅಂತ ಅರ್ಥ. ಅದು ಆಸ್ಪತ್ರೆ. 7ನೇ ಶತಮಾನದಲ್ಲಿ ಶುರುವಾಯಿತು ಅಂತ ಪ್ರತೀತಿ. ಓದುಗ ಸರ್ ಹೇಳಿದ ಎರಡೂ ಅರ್ಥ ಒಂದೇ ಬೋರ್ಡಿನಲ್ಲಿ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಇನ್ನೊಂದು ವಿಷಯ. ಇಲ್ಲಿ 'ಓತ್' ಅಂದರೆ ಕರೆದವನೂ ಹೌದು, ಬಂದವನೂ ಹೌದು. ಯಾರು ಯಾರು ಅಂತ ಸಂದರ್ಭ ನೋಡಿ ತಿಳಿಯಬೇಕು. ಇಟಾಲಿಯನ್ನರ 'ಓಸ್ಪಿತೆ'ಯೂ ಹಾಗೇ. ಎರಡು ಸಾವಿರ ವರ್ಷವಾದರೂ ಹೋಸ್ಪೆಸ್ ತನ್ನ ಎರಡು ಮುಖ ಬಿಟ್ಟಿಲ್ಲ.

ಧಾರವಾಡದ ನರ್ಸಕ್ಕ:

ನಾನು ಐರ್ಲೆಂಡಿನಲ್ಲಿ ನರ್ಸ್. ಹಿಂದೆ ಹುಬ್ಬಳ್ಳಿಯಲ್ಲಿ ಜನರಲ್ ವಾರ್ಡ್, ಈಗ ಇಲ್ಲಿ ಹಾಸ್ಪಿಸ್ ಒಂದರಲ್ಲಿ ಕೆಲಸ. ಹಾಗಾಗಿ ಈ ಚರ್ಚೆ ನನಗೆ ಬಹಳ ಹತ್ತಿರದ್ದು.

ಹಾಸ್ಪಿಸ್ ಕೂಡ ಈ ಬಳಗದ ಪದ. ಲ್ಯಾಟಿನ್ನಿನ 'ಹೋಸ್ಪಿತಿಯುಂ', ತಂಗುವ ಮನೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ನಡುವೆ ಆಲ್ಪ್ಸ್ ಬೆಟ್ಟದ ಕಣಿವೆ ದಾರಿಯಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಹಾಸ್ಪಿಸ್ ಇದೆ. 11ನೇ ಶತಮಾನದ್ದು. ಹಿಮದಲ್ಲಿ ದಾರಿ ತಪ್ಪಿದವರನ್ನು ಅಲ್ಲಿನ ಸನ್ಯಾಸಿಗಳು ಹುಡುಕಿ ತಂದು ಉಳಿಸಿಕೊಳ್ಳುತ್ತಿದ್ದರು. ಸೇಂಟ್ ಬರ್ನಾರ್ಡ್ ನಾಯಿಗಳಿಗೆ ಹೆಸರು ಬಂದದ್ದು ಅಲ್ಲಿಂದಲೇ.

ಗುಣವಾಗದ ಕಾಯಿಲೆಯವರು ಕೊನೆಯ ದಿನಗಳನ್ನು ನೋವಿಲ್ಲದೆ ಕಳೆಯುವ ಜಾಗಕ್ಕೆ ಈಗ ಹಾಸ್ಪಿಸ್ ಅನ್ನುತ್ತೇವೆ. ಇದಕ್ಕೆ ಇವತ್ತಿನ ರೂಪ ಕೊಟ್ಟವರು ಸಿಸಿಲಿ ಸಾಂಡರ್ಸ್. ಅವರು ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರ್. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದರು. ಸೇಂಟ್ ಕ್ರಿಸ್ಟೋಫರ್ ಪ್ರಯಾಣಿಕರನ್ನು ಕಾಯುವ ಸಂತ. ಆ ಹೆಸರಿಟ್ಟದ್ದು ಎಷ್ಟು ಸರಿ ಅನಿಸುತ್ತದೆ ನನಗೆ. ಬೆಂಗಳೂರಿನಲ್ಲೂ ಇಂಥ ಜಾಗ ಇದೆ, ಕರುಣಾಶ್ರಯ ಅಂತ. ಆ ಹೆಸರಿನಲ್ಲೂ ಔಷಧಿಯ ಮಾತಿಲ್ಲ, ಆಶ್ರಯದ ಮಾತಿದೆ.

ಕೆಲಸದಲ್ಲಿ ನಾನು ಕಂಡದ್ದು ಇಷ್ಟು. ಆಸ್ಪತ್ರೆಯಲ್ಲಿ ನಾವು ಮೊದಲು ಕೇಳುವುದು ಏನಾಗಿದೆ ಅಂತ. ಇಲ್ಲಿ ಮೊದಲು ಕೇಳುವುದು, ಚಹಾ ಹೇಗೆ ಬೇಕು, ಕಿಟಕಿ ತೆಗೆಯಲಾ ಅಂತ. ಮನೆಗೆ ಬಂದವರನ್ನು ಕೇಳುವ ಹಾಗೆ. ಪದದ ಹಳೇ ಅರ್ಥ ಪೂರ್ತಿ ಉಳಿದಿರುವುದು ಇಲ್ಲೇ ಅಂತ ಇವತ್ತು ತಿಳಿಯಿತು.

ಇನ್ನೊಂದು ಮಾತು. ವಿಮಾನದ ಏರ್ ಹೋಸ್ಟೆಸ್, ನಮ್ಮ ಚೆಂದದ ಗಗನಸಖಿ, ಆ ಕೆಲಸ ಮಾಡಿದ ಮೊದಲ ಹೆಂಗಸು ಎಲೆನ್ ಚರ್ಚ್, ಅಮೆರಿಕದವರು, 1930ರಲ್ಲಿ. ಅವರೂ ನರ್ಸ್!

ಬೆಂಗಳೂರು ಕೋಡು:

ನಮ್ಮ ಕೆಲಸದಲ್ಲೂ ಈ ಪದ ದಿನವಿಡೀ. ವೆಬ್ ಹೋಸ್ಟಿಂಗ್, ಹೋಸ್ಟ್‌ನೇಮ್. ಇಂಟರ್‌ನೆಟ್ಟಿನ ಮೂಲ ದಾಖಲೆಗಳ ಸಾಲಿನಲ್ಲಿ ಮೊಟ್ಟಮೊದಲನೆಯದು 1969ರ ಏಪ್ರಿಲ್‌ನದು. ಅದರ ಶೀರ್ಷಿಕೆಯೇ 'ಹೋಸ್ಟ್ ಸಾಫ್ಟ್‌ವೇರ್'. ಬೇರೆಯವರ ಪ್ರೋಗ್ರಾಮಿಗೆ, ಬೇರೆಯವರ ಮಾಹಿತಿಗೆ ಮನೆ ಕೊಡುವ ಯಂತ್ರ ಹೋಸ್ಟ್. ಮೇಷ್ಟ್ರೇ, ಒತ್ತೆಯಾಳು ಅನ್ನುವ ಅರ್ಥದ 'ಹಾಸ್ಟೇಜ್' ಕೂಡ ಇಲ್ಲಿಯದೇ? ಬೈಬಲಿನಲ್ಲಿ 'ಲಾರ್ಡ್ ಆಫ್ ಹೋಸ್ಟ್ಸ್' ಅಂತ ಬರುತ್ತದಲ್ಲ, ಅಲ್ಲಿ ಯಾರು ಯಾರಿಗೆ ಊಟ ಹಾಕುತ್ತಾರೆ?

ಕರಾವಳಿ ಮೇಷ್ಟ್ರು:

ಅಲ್ಲಿ ಊಟ ಇಲ್ಲ, ದಂಡು ಇದೆ. ಹೋಸ್ಟಿಸ್ ಶತ್ರುವಾದ ಮೇಲೆ, ಮುಂದಿನ ಕಾಲದ ಲ್ಯಾಟಿನ್ನಿನಲ್ಲಿ ಶತ್ರುವಿನ ಮೇಲೆ ಹೋಗುವ ಸೈನ್ಯಕ್ಕೂ ಅದೇ ಹೆಸರಾಯಿತು. ಅದರಿಂದ ಸೈನ್ಯ, ದೊಡ್ಡ ಗುಂಪು ಅನ್ನುವ ಅರ್ಥದ ಹೋಸ್ಟ್. ಕನ್ನಡ ಬೈಬಲಿನಲ್ಲಿ 'ಸೇನಾಧೀಶ್ವರ' ಅಂತ ಸರಿಯಾಗಿಯೇ ಇಟ್ಟಿದ್ದಾರೆ. ಚರ್ಚಿನಲ್ಲಿ ಕೊಡುವ ಪರಮಪ್ರಸಾದದ ರೊಟ್ಟಿಗೂ ಇಂಗ್ಲಿಷಿನಲ್ಲಿ ಹೋಸ್ಟ್ ಅನ್ನುತ್ತಾರೆ. ಅದು ಬೇರೆ ಪದ. ಲ್ಯಾಟಿನ್ನಿನ 'ಹೋಸ್ತಿಯಾ', ಬಲಿ ಅಂತ. ಸ್ಪೆಲ್ಲಿಂಗ್ ಒಂದೇ ಆದ್ದರಿಂದ ಮೂರನ್ನೂ ಜನ ಕಲಸಿಬಿಡುತ್ತಾರೆ.

ಹಾಸ್ಟೇಜ್ ವಿಷಯದಲ್ಲಿ ವಿದ್ವಾಂಸರು ಎರಡು ಪಂಗಡ. ಪರರ ಮನೆಯಲ್ಲಿ ಉಳಿಸಿಕೊಂಡವನು ಆದ್ದರಿಂದ ಇದೇ ಬಳಗ ಅನ್ನುವವರಿದ್ದಾರೆ. ಒತ್ತೆಯಾಳಿಗೆ ಲ್ಯಾಟಿನ್ನಿನಲ್ಲಿದ್ದ 'ಓಬ್ಸೆಸ್' ಪದದಿಂದ ಬಂದು, ಹೋಸ್ಟ್ ನೋಡಿ ಮುಂದೆ ಹಕಾರ ಅಂಟಿಸಿಕೊಂಡಿತು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ.

ಮದ್ದೂರು ಗೌಡತಿ:

ಎರಡು ದಿನದಿಂದ ಓದುತ್ತಾ ಇದ್ದೇನೆ. ನಾನು ಭಾಷೆ ಓದಿದವಳಲ್ಲ. ಆದರೆ ನೆಂಟ ಅನ್ನುವ ಪದ ಶತ್ರು ಹೇಗಾಯಿತು ಅಂತ ನೀವೆಲ್ಲ ಅಚ್ಚರಿ ಪಡುತ್ತಿರುವುದು ನೋಡಿ ಒಂದು ಮಾತು ಹೇಳಬೇಕು ಅನಿಸಿತು. ನಮ್ಮ ಕಡೆ ಇಂಥದೇ ಒಂದು ಪದ ದಿನಾ ಬಳಸುತ್ತೇವೆ. ಮುಯ್ಯಿ.

ಮದುವೆಯಲ್ಲಿ ಧಾರೆ ಮುಗಿದ ಮೇಲೆ ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಬಂದವರು ಮುಯ್ಯಿ ಬರೆಸುತ್ತಾರೆ. ಇಂಥ ಊರಿನ ಇಂಥವರು, ಇಷ್ಟು ರೂಪಾಯಿ, ಇಂಥ ಪಾತ್ರೆ. ಅದು ಸುಮ್ನೆ ಉಡುಗೊರೆಯಲ್ಲ. ನಾಳೆ ಅವರ ಮನೆ ಮದುವೆಯಲ್ಲಿ ನಾವು ಅಷ್ಟೋ ಇನ್ನೊಂದಿಷ್ಟು ಜಾಸ್ತಿಯೋ ಮಾಡಬೇಕು. ಗದ್ದೆ ಕೆಲಸಕ್ಕೂ ಹಾಗೇ ಮುಯ್ಯಾಳು. ಇವತ್ತು ನಮ್ಮ ನಾಟಿಗೆ ನೀವು ಬಂದರೆ, ನಿಮ್ಮ ನಾಟಿಗೆ ನಾವು. ಕೂಲಿ ಮಾತಿಲ್ಲ.

ಈಗ ನೋಡಿ. ಮುಯ್ಯಿ ತೀರಿಸಿದ ಅಂದರೆ ಏನು? ಸೇಡು ತೀರಿಸಿಕೊಂಡ ಅಂತ! ಮುಯ್ಯಿಗೆ ಮುಯ್ಯಿ. ತಟ್ಟೆ ತುಂಬ ಹಣ್ಣು ಕೊಟ್ಟರೆ ಅದನ್ನು ಹಿಂದಿರುಗಿಸುವುದೂ ಮುಯ್ಯಿ, ಹೊಡೆದರೆ ಹಿಂದಿರುಗಿಸುವುದೂ ಮುಯ್ಯಿ. ಲೆಕ್ಕ ಬಾಕಿ ಇದೆ ಅನ್ನುವುದು ಎರಡರಲ್ಲೂ ಒಂದೇ. ನಿಮ್ಮ ರೋಮಿನವರಿಗೆ ಆದದ್ದೂ ಇದೇ ಇರಬೇಕು. ಲೆಕ್ಕ ಇಟ್ಟುಕೊಂಡಷ್ಟು ದಿನ ನೆಂಟ. ಲೆಕ್ಕ ತಪ್ಪಿದರೆ ಹಗೆ. ಎಷ್ಟು ಮನೆಗಳಲ್ಲಿ ನೋಡಿಲ್ಲ ನಾವು, ಮುಯ್ಯಿ ಮಾಡಲಿಲ್ಲ ಅಂತಲೇ ಮಾತು ಬಿಟ್ಟವರನ್ನು.

ಕರಾವಳಿ ಮೇಷ್ಟ್ರು:

ಅಮ್ಮಾ, ಓದಿ ಎದ್ದು ನಿಂತುಬಿಟ್ಟೆ. ಎಮಿಲ್ ಬೆನ್ವೆನಿಸ್ಟ್ ಅಂತ ಫ್ರಾನ್ಸಿನ ದೊಡ್ಡ ಭಾಷಾಶಾಸ್ತ್ರಿ ಇದ್ದರು. ಅವರು ಹೋಸ್ಟಿಸ್ ಬಗ್ಗೆ ಹೇಳಿದ್ದು ಅಕ್ಷರಶಃ ನಿಮ್ಮ ಮಾತೇ. ಲ್ಯಾಟಿನ್ನಿನಲ್ಲಿ 'ಹೋಸ್ತಿರೆ' ಅಂತ ಒಂದು ಹಳೇ ಕ್ರಿಯಾಪದ ಇದೆ. ಸರಿಸಮ ಮಾಡು, ಕೊಟ್ಟದ್ದಕ್ಕೆ ತಕ್ಕಷ್ಟು ತಿರುಗಿ ಕೊಡು ಅಂತ. ಅದನ್ನು ಹಿಡಿದು ಅವರು ಹೇಳಿದರು: ಹೋಸ್ಟಿಸ್ ಬರೀ ಅಪರಿಚಿತ ಅಲ್ಲ, ಕೊಟ್ಟು ತೆಗೆದುಕೊಳ್ಳುವ ಸಂಬಂಧದಲ್ಲಿ ಇರುವ ಹೊರಗಿನವನು. ಮನೆ ಮನೆಗಳ ನಡುವಿನ ಆ ಋಣ ಹೋಗಿ, ರಾಜ್ಯ ರಾಜ್ಯಗಳ ಗಡಿ ಮುಖ್ಯವಾದಾಗ, ಅದೇ ಪದಕ್ಕೆ ಶತ್ರು ಅನ್ನುವ ಅರ್ಥ ಗಟ್ಟಿಯಾಯಿತು.

ಇದನ್ನು ತರಗತಿಯಲ್ಲಿ ವಿವರಿಸಲು ನಾನು ಎಷ್ಟು ಒದ್ದಾಡಿದ್ದೇನೆ! ಮುಯ್ಯಿ ಅಂತ ಒಂದು ಪದ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಲ್ಯಾಟಿನ್ನಿಗೂ ಕನ್ನಡಕ್ಕೂ ಇಲ್ಲಿ ರಕ್ತಸಂಬಂಧ ಇಲ್ಲ. ಎರಡು ಕಡೆಯ ಜನ ಒಂದೇ ಥರ ಬದುಕಿದ್ದರಿಂದ ಪದಗಳೂ ಒಂದೇ ಥರ ನಡೆದುಕೊಂಡವು.

ಬಿಜಾಪುರದ ಹುಡುಗ:

ಕನ್ನಡದಲ್ಲಿ ಹೋಟೆಲ್ ಅಂದರೆ ಊಟ ತಿಂಡಿ ಮಾಡುವ ಜಾಗ ಅಷ್ಟೇ, ಉಳಿಯಲು ಲಾಡ್ಜ್ ಬೇರೆ. ಇದು ಯಾಕೆ ಹಾಗೆ? ನಮ್ಮ ಕಡೆ ಊಟದ ಮನೆಗೆ ಖಾನಾವಳಿ ಅಂತಲೇ ಹೇಳುತ್ತಾರೆ.

ತುಮಕೂರು ಓದುಗ:

ನನಗೆ ಅನಿಸುವುದು, ನಮ್ಮಲ್ಲಿ ಉಳಿಯಲು ಮೊದಲೇ ಛತ್ರ ಇತ್ತು, ಮಠ ಇತ್ತು, ನೆಂಟರ ಮನೆ ಇತ್ತು. ದುಡ್ಡು ಕೊಟ್ಟು ಊಟ ಮಾಡುವುದು ಹೊಸದು. ಹಾಗಾಗಿ ಹೊಸ ಪದ ಹೊಸ ಕೆಲಸಕ್ಕೆ ಹೋಯಿತು. ಬೆಂಗಳೂರಿನಲ್ಲಿ ಮಾಂಸದೂಟಕ್ಕೆ 'ಮಿಲಿಟರಿ ಹೋಟೆಲ್' ಅನ್ನುತ್ತೇವಲ್ಲ, ಮೇಷ್ಟ್ರು ಹೇಳಿದ ದಂಡೂ ಊಟವೂ ಒಂದೇ ಬೋರ್ಡಿನಲ್ಲಿ ಕೂಡಿಕೊಂಡಿವೆ!

ಛತ್ರದ್ದೂ ಹೋಸ್ಪಿತಾಲೆಯದೇ ದಾರಿ. ಬೆಂಗಳೂರು ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಶುರುವಾಯಿತು. ತೋಟದಪ್ಪನವರು ನಮ್ಮ ಜಿಲ್ಲೆಯ ಗುಬ್ಬಿಯವರು. ಪ್ರಯಾಣಿಕರಿಗೆ ತಂಗಲು ಜಾಗ, ಓದುವ ಹುಡುಗರಿಗೆ ಹಾಸ್ಟೆಲ್, ಎರಡೂ ಅವರ ಧರ್ಮದಿಂದ ನಡೆದವು. ಈಗ ಛತ್ರ ಅಂದರೆ ಜನರಿಗೆ ಮದುವೆ ಮನೆ. ಚೌಲ್ಟ್ರಿ ಅಂತಲೂ ಅನ್ನುತ್ತೇವೆ. ಆ ಇಂಗ್ಲಿಷ್ ಪದ ನಮ್ಮ ಚಾವಡಿಯ ಬಳಗದ್ದು, ತೆಲುಗಿನ ಕಡೆಯಿಂದ ಅವರ ಬಾಯಿಗೆ ಹೋಗಿ, ತಿರುಚಿಕೊಂಡು ವಾಪಸ್ ಬಂದದ್ದು.

ಅಮ್ಮ ಈಗ ವಾಕರ್ ಹಿಡಿದು ಅಡುಗೆಮನೆವರೆಗೆ ಹೋಗುತ್ತಾರೆ. ನಿನ್ನೆ ಅವರಿಗೆ ಈ ಚರ್ಚೆ ಓದಿ ಹೇಳಿದೆ. ಮುಯ್ಯಿಯ ಮಾತು ಬಂದ ಕೂಡಲೇ, ನಮ್ಮ ಮದುವೆ ಪುಸ್ತಕ ಎಲ್ಲಿ ಹೋಯಿತೋ ಅಂತ ಹುಡುಕಿಸಿದರು. ಸಿಗಲಿಲ್ಲ. ಗೌಡತಿ ಅಕ್ಕಾ, ನಿಮ್ಮ ಮನೆಯಲ್ಲಿ ಹಳೇ ಪುಸ್ತಕ ಇದೆಯಾ?

ಮದ್ದೂರು ಗೌಡತಿ:

ಇದೆ ಅಣ್ಣ. ನಮ್ಮ ಅತ್ತೆಯವರ ಮದುವೆಯದು, 1971ರದು. ಕೆಂಪು ಬಟ್ಟೆಯ ರಟ್ಟು, ಒಳಗೆ ಮಾವನ ಅಣ್ಣನ ಕೈಬರಹ. ಒಂದು ರೂಪಾಯಿ, ಎರಡು ರೂಪಾಯಿ, ಒಂದು ಹಿತ್ತಾಳೆ ಚೊಂಬು, ಒಂದು ಪಲ್ಲ ರಾಗಿ. ತೀರಿಸಿದ್ದಕ್ಕೆಲ್ಲ ಪಕ್ಕದಲ್ಲಿ ಗೀಟು ಎಳೆದಿದ್ದಾರೆ. ಮೇಷ್ಟ್ರು ಹೇಳಿದ ಕಂಚಿನ ಹೋಳಿನ ಕಥೆ ಓದಿದ ಮೇಲೆ ಪುಸ್ತಕ ತೆಗೆದು ಪೂರ್ತಿ ನೋಡಿದೆ. ಒಂದೇ ಒಂದು ಸಾಲಿಗೆ ಗೀಟು ಇಲ್ಲ. ಮಳವಳ್ಳಿ ಕಡೆಯ ಒಂದು ಮನೆ, ಐದು ರೂಪಾಯಿ. ಆ ಕಾಲಕ್ಕೆ ದೊಡ್ಡ ಮುಯ್ಯಿ ಅದು. ಅತ್ತೆಯನ್ನು ಕೇಳಿದೆ. ಅವರ ಮನೆಯಲ್ಲಿ ಆಮೇಲೆ ಮದುವೆಯೇ ಆಗಲಿಲ್ಲ, ಊರು ಬಿಟ್ಟು ಹೋದರು ಅಂದರು. ನನ್ನ ಯಜಮಾನರು ಅವರಿವರನ್ನು ವಿಚಾರಿಸಿದರು. ಮೊಮ್ಮಗ ಕೊಳ್ಳೇಗಾಲದಲ್ಲಿ ಅಂಗಡಿ ಇಟ್ಟಿದ್ದಾನಂತೆ, ಬರುವ ವೈಶಾಖದಲ್ಲಿ ಅವನ ತಂಗಿಯ ಮದುವೆಯಂತೆ. ನಾವು ಹೋಗುತ್ತಿದ್ದೇವೆ. ಪುಸ್ತಕವನ್ನೂ ತೆಗೆದುಕೊಂಡು ಹೋಗೋಣ ಅಂತ ಅತ್ತೆ ಹೇಳಿದ್ದಾರೆ.